ಪಾಲಾಕ್ಷನ ತುಲಾಭಾರ

ಕಡೂರಿನ ಕೊಬ್ಬರಿ ಮಂಡಿ ತೀರ್ಥಪ್ಪನವರ ಬಗ್ಗೆ ಪೇಟೆಯಲ್ಲಿ ಯಾರನ್ನು ಕೇಳಿದರೂ ಒಳ್ಳೆಯ ಮಾತೇ ಬರುತ್ತದೆ. ದಾನಿ, ಧರ್ಮಿಷ್ಠ, ಮಠದ ಭಕ್ತ. ನನ್ನನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಆ ಮನೆಗೆ ಕೊಟ್ಟಿದ್ದು ನನ್ನ ತಂಗಿ ಮಲ್ಲಿಕಾಂಬಳನ್ನು. ನಾನು ವಿಮಲಾ, ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ಮಕ್ಕಳನ್ನು ಬೈದು ಬೈದು ನನ್ನ ನಾಲಿಗೆ ಚೂಪಾಗಿದೆ ಎಂದು ತೀರ್ಥಪ್ಪನವರೇ ಒಮ್ಮೆ ಹೇಳಿದ್ದರು. ಇರಲಿ, ಚೂಪಾದದ್ದು ಎಲ್ಲಾದರೂ ಕೆಲಸಕ್ಕೆ ಬರುತ್ತದೆ.

ತಂಗಿಯ ಮಗ ಪಾಲಾಕ್ಷನಿಗೆ ಹುಟ್ಟುವಾಗಲೇ ಹೃದಯದ ನಡುಗೋಡೆಯಲ್ಲಿ ತೂತಿತ್ತು. ಹಾಲು ಕುಡಿಯುವಾಗಲೂ ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತಿದ್ದ ಮಗು. ಆರು ತುಂಬಿದರೂ ನೋಡಿದವರು ನಾಲ್ಕಿರಬೇಕು ಎನ್ನುತ್ತಿದ್ದರು. ಬೀದಿಯ ಹುಡುಗರು ಗೋಲಿ ಆಡುವಾಗ ಇವನು ಜಗಲಿಯ ಮೇಲೆ ಕೂತು, ಯಾರು ಗೆರೆ ದಾಟಿದರು, ಯಾರು ಮೋಸ ಮಾಡಿದರು ಎಂದು ತೀರ್ಪು ಕೊಡುತ್ತಿದ್ದ. ಅವನ ಅಜ್ಜ ತೀರ್ಥಪ್ಪನವರದೂ ಒಂದು ತೀರ್ಪಿತ್ತು. "ನಮ್ಮ ವಂಶದಾಗೆ ಇಂಥಾ ಕಾಯಿಲೆ ಯಾರಿಗೂ ಇಲ್ಲ. ಇದು ಹೆಣ್ಣಿನ ಕಡೆಯಿಂದ ಬಂದಿದ್ದು." ಹೆಣ್ಣಿನ ಕಡೆಯವರೆಂದರೆ ನಾವು.

ಎಂಬತ್ತನಾಲ್ಕನೇ ಇಸವಿಯಲ್ಲಿ ಬೆಂಗಳೂರಿನ ಡಾಕ್ಟರು, ಎದೆ ತೆರೆದು ತೂತು ಮುಚ್ಚಬೇಕು, ಇನ್ನೂ ತಡ ಮಾಡಿದರೆ ಆಮೇಲೆ ಮುಚ್ಚಿಯೂ ಪ್ರಯೋಜನವಿಲ್ಲ ಎಂದರು. ತೀರ್ಥಪ್ಪನವರು ಒಪ್ಪಲಿಲ್ಲ. ದೇವರು ಮುಚ್ಚಿ ಕಳಿಸಿದ ಎದೆಯನ್ನು ಮನುಷ್ಯ ತೆರೆಯಬಾರದಂತೆ. ಮಲ್ಲಿ ಊಟ ಬಿಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತಳು. ಮಗುವಿನ ಮೇಲಿನ ಕನಿಕರದಿಂದ ಅವರು ಕರಗಿದರು ಎಂದುಕೊಳ್ಳಬೇಡಿ. ಸೊಸೆ ಉಪವಾಸ ಬಿದ್ದಿದ್ದಾಳೆ ಎಂಬ ಸುದ್ದಿ ಪೇಟೆಗೆ ಹೋದರೆ ಮರ್ಯಾದೆ ಏನಾಗಬೇಕು ಎಂದು ಹೆಂಡತಿ ಸಾವಿತ್ರಮ್ಮ ಹೇಳಿದ ಮೇಲೆ ಒಪ್ಪಿಕೊಂಡರು.

ಆಸ್ಪತ್ರೆಯಲ್ಲಿ ಇದ್ದವರು ಮಲ್ಲಿ ಮತ್ತು ನಾನು. ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಮಲ್ಲಿಯ ಗಂಡ ಓಂಕಾರಮೂರ್ತಿ ವಾರಕ್ಕೊಮ್ಮೆ ಬಂದು, ಅಪ್ಪಾಜಿ ಕೇಳಿದರು, ಅಮ್ಮ ಕೇಳಿದರು ಎಂದು ಹೇಳಿ, ಹಣ್ಣು ಇಟ್ಟು ಹೋಗುತ್ತಿದ್ದ. ಅವನು ಬಿ.ಕಾಂ. ಓದಿದವನು. ಅಪ್ಪ ಎತ್ತು ಈಯಿತು ಎಂದರೆ ಮಗ ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುವ ಜಾತಿ. ಆಪರೇಷನ್ನಿನ ದಿನ ತೀರ್ಥಪ್ಪನವರು ಬರಲೇ ಇಲ್ಲ. "ನಂಗೆ ರಕ್ತ ಅಂದ್ರೆ ಆಗಲ್ಲಮ್ಮ" ಅಂದರಂತೆ. ರೈತರ ರಕ್ತವಾದರೆ ಚೆನ್ನಾಗಿ ಒಗ್ಗುತ್ತದೆ.

ಮಗು ಗೆದ್ದ. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಉಪ್ಪು ಕಮ್ಮಿ ಹಾಕಿ. ಈ ಬಿಳಿ ಮಾತ್ರೆ ಮೈಯ ನೀರನ್ನ ಮೂತ್ರದಲ್ಲಿ ಕಳಿಸುತ್ತೆ, ತಪ್ಪಿಸ್ಬೇಡಿ. ಎದೆ ತೆರೆದ ಕೆಲವು ಮಕ್ಕಳಿಗೆ ಮನೆಗೆ ಹೋದ ಎರಡು ಮೂರು ವಾರಕ್ಕೆ ಹೃದಯದ ಸುತ್ತ ನೀರು ತುಂಬ್ಕೊಳ್ಳುತ್ತೆ. ಜ್ವರ ಬಂದ್ರೆ, ಮುಖ ಕಾಲು ಊದಿದ್ರೆ, ಮಲಗೋಕಾಗದೆ ಎದ್ದು ಕೂತ್ರೆ, ತೂಕ ಇದ್ದಕ್ಕಿದ್ದ ಹಾಗೆ ಏರಿದ್ರೆ, ಅವತ್ತೇ ಕರ್ಕೊಂಡು ಬನ್ನಿ." ಮಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಅದನ್ನೆಲ್ಲ ಅವರ ಮುಂದೆಯೇ ತಿರುಗಿ ಹೇಳಿ ತೋರಿಸಿದಳು. ನಾನು ಅವರನ್ನು ಕಡೂರಿಗೆ ಬಿಟ್ಟು ತರೀಕೆರೆಗೆ ಬಂದೆ. ಶಾಲೆಯಲ್ಲಿ ಪರೀಕ್ಷೆಗಳು ಶುರುವಾಗಿದ್ದವು.

ಆಮೇಲೆ ಆ ಮನೆಯಲ್ಲಿ ಏನೇನಾಯಿತು ಎಂಬುದನ್ನು ಮಲ್ಲಿ ನನಗೆ ಹೇಳಿದ್ದಾಳೆ. ತೂಕ ಏರಿದರೆ ಆಸ್ಪತ್ರೆಗೆ ಬರಬೇಕಂತೆ ಎಂದು ಅವಳು ಹೇಳಿದಾಗ ತೀರ್ಥಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಇಳಿದ್ರೆ ಆಸ್ಪತ್ರೆಗೆ ಹೋಗೋರ್ನ ಕಂಡಿದೀನಿ. ಏರಿದ್ರೆ ಹೋಗೋರ್ನ ಇವತ್ತು ಕೇಳ್ದೆ ಕಣ್ರಪ್ಪ." ಮಂಡಿಯ ಗುಮಾಸ್ತರೂ ನಕ್ಕರು. ನಗದೆ ಏನು ಮಾಡುತ್ತಾರೆ, ಸಂಬಳ ಯಾರ ಕೈಯಲ್ಲಿದೆ?

ಅಲ್ಲಿಗೆ ನಿಂತಿದ್ದರೆ ಸರಿಯಾಗಿತ್ತು. ಆದರೆ ಮಗು ಬದುಕಿ ಬಂದನೆಂದ ಮೇಲೆ ಅದರ ಕೀರ್ತಿ ಯಾರಿಗಾದರೂ ಸಲ್ಲಬೇಕಲ್ಲ. ಡಾಕ್ಟರಿಗೆ ಸಲ್ಲಬಾರದು, ಸೊಸೆಗಂತೂ ಸಲ್ಲಲೇಬಾರದು. ಆಪರೇಷನ್ನಿನ ದಿನ ತಾವು ದೇವರ ಮನೆಯಲ್ಲಿ ಹರಕೆ ಹೊತ್ತಿದ್ದರಿಂದಲೇ ಮಗು ಉಳಿಯಿತು ಎಂದು ತೀರ್ಥಪ್ಪನವರು ಸಾರಿದರು. ಹರಕೆ ಎಂದರೆ, ಮೊಮ್ಮಗನ ತೂಕಕ್ಕೆ ಸಮನಾಗಿ ಉಂಡೆ ಕೊಬ್ಬರಿ ತೂಗಿ ಅಜ್ಜಂಪುರದ ಕಡೆಯ ತಮ್ಮ ಮಠಕ್ಕೆ ಒಪ್ಪಿಸುವುದು. ದಿನ ಗೊತ್ತಾಯಿತು. ಕಡೂರು, ಬೀರೂರು, ಅಜ್ಜಂಪುರದ ವ್ಯಾಪಾರಸ್ಥರಿಗೆಲ್ಲ ಕರೆ ಹೋಯಿತು.

ಕರೆ ಹೋದ ಮೇಲೆ ಅವರಿಗೊಂದು ಚಿಂತೆ ಹತ್ತಿತು. ಮಗು ಕಡ್ಡಿ. ತಕ್ಕಡಿಯಲ್ಲಿ ಕೂರಿಸಿದರೆ ಅರ್ಧ ಮೂಟೆಗೇ ತಟ್ಟೆ ಮೇಲೇಳುತ್ತದೆ. ಅಷ್ಟು ಜನರ ಮುಂದೆ ಅರ್ಧ ಮೂಟೆ! ತಮ್ಮ ಪಾಡಿಗೆ ಇನ್ನೆರಡು ಮೂಟೆ ಹೆಚ್ಚಿಗೆ ಕೊಟ್ಟಿದ್ದರೆ ಮಠದವರು ಬೇಡ ಎನ್ನುತ್ತಿರಲಿಲ್ಲ. ಆದರೆ ತುಲಾಭಾರದಲ್ಲಿ ಜನ ನೋಡುವುದು ಕೊಟ್ಟಿದ್ದನ್ನಲ್ಲ, ತೂಗಿದ್ದನ್ನು. ಹಾಗಾಗಿ ಮಗುವನ್ನು ತುಂಬಿಸುವ ಕೆಲಸ ಶುರುವಾಯಿತು. ಸಾವಿತ್ರಮ್ಮ ಹೊತ್ತುಹೊತ್ತಿಗೆ ಹಾಲು, ತುಪ್ಪದನ್ನ, ಚಕ್ಕುಲಿ, ಬಾಯಿ ಚಪ್ಪೆ ಎಂದರೆ ಉಪ್ಪಿನಕಾಯಿ ಕೊಟ್ಟರು. ಬಿಳಿ ಮಾತ್ರೆ ತೆಗೆದುಕೊಂಡ ಮೇಲೆ ಮಗು ಹತ್ತು ಸಲ ಹಿತ್ತಲಿಗೆ ಹೋಗುವುದನ್ನು ಅತ್ತೆ ಗಮನಿಸಿದರು. ತಿಂದದ್ದೆಲ್ಲ ಹಾಗೆಯೇ ಹರಿದು ಹೋಗುತ್ತಿದೆ ಎಂದು ಮಾವನಿಗೆ ಹೇಳಿದರು.

"ತುಲಾಭಾರ ಮುಗಿಯೋಗಂಟ ಆ ಮಾತ್ರೆ ಬ್ಯಾಡ," ಎಂದರು ತೀರ್ಥಪ್ಪನವರು. "ಒಂದ್ ಕಡೆ ತುಂಬ್ಸಿ ಇನ್ನೊಂದ್ ಕಡೆ ಬಿಟ್ರೆ ಮೂಟೆ ನಿಲ್ತದಾ?"

ಮಾತ್ರೆಯ ಪೊಟ್ಟಣ ಅತ್ತೆಯ ಬೀರುವಿಗೆ ಸೇರಿತು, ಬೀಗದ ಕೈ ಸೊಂಟಕ್ಕೆ. ಮಲ್ಲಿ ಗಂಡನಿಗೆ ಹೇಳಿದಳು. ಗಂಡ ಅಪ್ಪನ ಹತ್ತಿರ ಹೇಳುತ್ತೇನೆ ಎಂದ. ಹೇಳಿದನೋ ಇಲ್ಲವೋ ಅವನಿಗೇ ಗೊತ್ತು.

ಮಗು ತುಂಬಿಕೊಂಡ. ಕೆನ್ನೆ ದುಂಡಗಾಯಿತು, ಕೈಕಾಲು ದಪ್ಪಗಾದವು. ಅದೇ ವಾರ ಸಣ್ಣಗೆ ಜ್ವರವೂ ಬಂತು. ಆಪರೇಷನ್ನಿಗೂ ಮುಂಚೆ ಜಗಲಿಯ ಮೇಲೆ ಕೂತು ಹರಟುತ್ತಿದ್ದವನು ಈಗ ಮಾತು ಬಿಟ್ಟ, ಊಟ ಬಿಟ್ಟ. ಮಲಗಿಸಿದರೆ ಎದ್ದು ಕೂರುತ್ತಿದ್ದ. ಉಂಡಿದ್ದಿಲ್ಲ, ಆದರೂ ದಪ್ಪಗಾಗುತ್ತಿದ್ದಾನೆ, ಇದು ಹೇಗೆ ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕೇಳಿದವಳು ಮಲ್ಲಿ ಒಬ್ಬಳೇ. ಊರ ಡಾಕ್ಟರು ಬಂದು ನೋಡಿ, ಬೆಂಗಳೂರಿಗೆ ತೋರಿಸಿಬಿಡಿ, ತಡ ಮಾಡಬೇಡಿ ಎಂದರು. ತುಲಾಭಾರ ಆಗಲಿ, ಮಾರನೇ ದಿನ ಕಾರಿನಲ್ಲೇ ಕಳಿಸುತ್ತೇನೆ ಎಂದರು ಯಜಮಾನರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗಿ ಮಠ ಮುಟ್ಟಿದಾಗ ಚಪ್ಪರ ತುಂಬಿತ್ತು. ಮಂಡಿಯ ದೊಡ್ಡ ತಕ್ಕಡಿಯನ್ನು ಮೂರು ಕಂಬಕ್ಕೆ ಕಟ್ಟಿ, ಮಾವಿನೆಲೆ ಸುತ್ತಿದ್ದರು. ಕೊಬ್ಬರಿ ಮೂಟೆಗಳನ್ನು ಹೊತ್ತು ತಂದ ಪಂಚನಹಳ್ಳಿಯ ರೈತರು ಒಂದು ಪಕ್ಕಕ್ಕೆ ನಿಂತಿದ್ದರು. ಮಠದ ಸ್ವಾಮಿಗಳು, ಬುದ್ಧಿಯವರು, ಒಳಗೆ ಪೂಜೆಗೆ ಕೂತಿದ್ದರು. ಹೊರಗೆ ಗದ್ದುಗೆಯ ಮೇಲೆ ಕೂರದಿದ್ದರೂ ಆ ಗತ್ತಿನಲ್ಲೇ ಓಡಾಡುತ್ತಿದ್ದವರು ತೀರ್ಥಪ್ಪನವರು.

"ಬಾರಮ್ಮ ವಿಮಲಮ್ಮ, ನೋಡು ನಿನ್ನ ಮಗನ್ನ! ಹೆಂಗಿದ್ದೋನು ಹೆಂಗಾಗವ್ನೆ!"

ನೋಡಿದೆ. ಕಣ್ಣಿನ ರೆಪ್ಪೆ ಬಾತು ಕಣ್ಣು ಗೆರೆಯಷ್ಟಾಗಿತ್ತು. ಹೊಟ್ಟೆ ಮುಂದೆ ಬಂದಿತ್ತು. ಪಾಲಾಕ್ಷ ಜರಿ ಅಂಗಿ ತೊಟ್ಟು ಅಮ್ಮನ ಮಡಿಲಲ್ಲಿ ಮುಂದಕ್ಕೆ ಬಾಗಿ ಕೂತು, ಸಣ್ಣಸಣ್ಣಗೆ ಬೇಗಬೇಗ ಉಸಿರೆಳೆಯುತ್ತಿದ್ದ. ನನ್ನನ್ನು ನೋಡಿ ದೊಡ್ಡಮ್ಮ ಎನ್ನಲಿಲ್ಲ. ಬಂದವರೆಲ್ಲ ಕೆನ್ನೆ ಚಿವುಟುತ್ತಿದ್ದರು. ಬೀರೂರಿನ ಜವಳಿ ಅಂಗಡಿಯ ಬಸವರಾಜಪ್ಪನವರು, "ತೀರ್ಥಪ್ನೋರೇ, ಮನೆ ಊಟ ಅಂದ್ರೆ ಇದಪ್ಪ!" ಎಂದರು. ಓದಿದವರು, ಓದದವರು, ಲಿಂಗಪೂಜೆ ತಪ್ಪಿಸದವರು, ಮೊಮ್ಮಕ್ಕಳನ್ನು ಕಂಡವರು, ಅಷ್ಟು ಜನ ಸೇರಿ ಒಂದು ಊದಿಕೊಂಡ ಮಗುವನ್ನು ಹೊಗಳಿದ್ದನ್ನು ನಾನು ಕಣ್ಣಾರೆ ಕಂಡೆ.

ಮಲ್ಲಿ ನನ್ನ ಕೈ ಹಿಡಿದುಕೊಂಡು ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ನಿದ್ದೆಯೂ ಇರಲಿಲ್ಲ. "ಕೂತ್ಕಂಡೇ ಇರ್ತಾನೆ ಅಕ್ಕ. ನನ್ನ ಹೆಗಲಿಗೆ ಒರಗಿ ಹಂಗೇ ಕಣ್ಮುಚ್ತಾನೆ. ಮಲಗ್ಸಿದ್ರೆ ಉಸಿರು ಕಟ್ತದೆ ಅಂತಾನೆ."

ನಾನು ಓಂಕಾರಮೂರ್ತಿಯನ್ನು ಹುಡುಕಿ ಹಿಡಿದೆ. ಅವನು ಊಟದ ಎಲೆಗಳನ್ನು ಎಣಿಸುತ್ತಿದ್ದ. "ಕಾರು ಇಲ್ಲೇ ನಿಂತಿದೆಯಲ್ಲಪ್ಪ, ಈಗಲೇ ಹೊರಡು," ಎಂದೆ.

"ಅಕ್ಕಾರೆ, ಇದೊಂದಿನ," ಎಂದ. "ಅಪ್ಪಾಜಿ ಎಲ್ರನ್ನೂ ಕರೆದ್ಬಿಟ್ಟಿದಾರೆ. ನಾಳೆ ಬೆಳಿಗ್ಗೇನೇ ಹೊರಡ್ತೀವಿ."

"ನಾಳೆವರೆಗೆ ಮಗು ಇರಬೇಕಲ್ಲ?"

"ಹಂಗೆಲ್ಲ ಬಿಡ್ತು ಅನ್ನಿ ಅಕ್ಕಾರೆ, ಮಠದಾಗೆ ನಿಂತ್ಕಂಡು." ಅವನಿಗೆ ಭಯವಾದದ್ದು ನನ್ನ ಮಾತಿಗೆ, ಮಗುವಿನ ಉಸಿರಿಗಲ್ಲ. ಇಂಥವನ ಕೈಯಲ್ಲಿ ತಾಳಿ ಕಟ್ಟಿಸಿದ ನಮ್ಮಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಅಷ್ಟರಲ್ಲಿ ಓಲಗದವರು ಶುರು ಹಚ್ಚಿಕೊಂಡರು. ಸಾವಿತ್ರಮ್ಮ ಮಗುವನ್ನು ಮಲ್ಲಿಯ ಮಡಿಲಿಂದ ಎತ್ತಿ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದರು. ಇನ್ನೊಂದಕ್ಕೆ ಕೊಬ್ಬರಿ ಸುರಿಯತೊಡಗಿದರು. ಅರ್ಧ ಮೂಟೆ ಖಾಲಿಯಾಯಿತು, ತಟ್ಟೆ ಅಲುಗಲಿಲ್ಲ. ಇನ್ನಷ್ಟು ಸುರಿದರು. ಅಲುಗಲಿಲ್ಲ. ಜನ ಹೋ ಎಂದರು. ತೀರ್ಥಪ್ಪನವರ ಮುಖ ಅರಳಿತು. "ಹಾಕ್ರಲೇ, ಹಾಕಿ! ಆಸ್ಪತ್ರೆಯಿಂದ ಬಂದಾಗ ಇದ್ದದ್ದಕ್ಕೂ ಇವತ್ತಿಗೂ ಅಜಗಜಾಂತರ ಐತೆ!" ಮಗು ತಕ್ಕಡಿಯ ಸರಪಳಿ ಹಿಡಿದುಕೊಂಡು, ತಲೆ ಮುಂದಕ್ಕೆ ಹಾಕಿ, ಬಾಯಿ ತೆರೆದು ಉಸಿರಾಡುತ್ತಿತ್ತು.

ಮಲ್ಲಿ ಎದ್ದು ನಿಂತಳು. ಮದುವೆಯಾದಾಗಿನಿಂದ ಮಾವನ ಎದುರು ಸೆರಗು ಜಾರಿಸದವಳು, ದನಿ ಎತ್ತದವಳು.

"ಮಾವ, ಒಂದು ಮಾತು," ಎಂದಳು. ಓಲಗ ನಿಂತಿತು. "ಇವರು ಮಂಡಿಗೆ ಕೊಬ್ಬರಿ ತತ್ತಾರೆ," ಎಂದು ಪಂಚನಹಳ್ಳಿಯವರ ಕಡೆ ಕೈ ತೋರಿಸಿದಳು. "ಕಾಣಕ್ಕೆ ಇಷ್ಟೇ ಇದ್ದು ತೂಕ ಮಾತ್ರ ಜಾಸ್ತಿ ಬಂದ್ರೆ ನೀವು ಏನಂತೀರಿ?"

ತೀರ್ಥಪ್ಪನವರಿಗೆ ಅರ್ಥವಾಗಲಿಲ್ಲ. ರೈತರಿಗೆ ಆಯಿತು. ಅವರಲ್ಲೊಬ್ಬ ಮುದುಕ, ರಂಗಯ್ಯ ಅಂತ ಹೆಸರು, ಹಿಂದಿನಿಂದಲೇ ಹೇಳಿದ. "ಇನ್ನೇನಂತಾರವ್ವ? ಹಸಿ ಐತೆ, ನೀರು ಕುಡ್ದೈತೆ ಅಂತ ತೂಕ ಕಡೀತಾರೆ."

"ಉಗುರಲ್ಲಿ ಕೆರೆದು, ಕಿವಿ ಹತ್ರ ಹಿಡಿದು ತಟ್ಟಿ, ಒಂದು ತೊಟ್ಟು ನೀರಿದ್ರೂ ಕಂಡುಹಿಡೀತೀರಲ್ಲ ಮಾವ. ಮೂವತ್ತು ವರ್ಷದಿಂದ ಅದೇ ಮಾಡಿದೀರಿ. ನಿಮ್ಮ ಮೊಮ್ಮಗನ ಮೈತುಂಬ ನೀರು ತುಂಬೈತೆ, ಅದು ಕಾಣಲಿಲ್ವಾ ನಿಮ್ಗೆ?"

ಅವಳು ಹೋಗಿ ಮಗುವನ್ನು ತಕ್ಕಡಿಯಿಂದ ಎತ್ತಿಕೊಂಡಳು. ಆ ಕಡೆಯ ತಟ್ಟೆ ಧಡ್ಡನೆ ನೆಲಕ್ಕೆ ಬಿತ್ತು, ಕೊಬ್ಬರಿ ಚಪ್ಪರದ ತುಂಬ ಉರುಳಾಡಿತು. ಹರಕೆ ಅರ್ಧಕ್ಕೆ ನಿಂತಿತು, ಅಪಶಕುನ ಎಂದು ಸಾವಿತ್ರಮ್ಮ ಬಾಯಿ ಬಡಿದುಕೊಂಡರು. ತೀರ್ಥಪ್ಪನವರು ಕಾರಿನ ಡ್ರೈವರಿಗೆ, "ನಾನು ಹೇಳೋಗಂಟ ಗಾಡಿ ಅಲುಗಬಾರದು ಕಣಲೇ," ಎಂದರು. ಆಪತ್ತಿನಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು ಅದು. ನಾನದನ್ನು ಸಾಯುವವರೆಗೂ ಮರೆಯುವುದಿಲ್ಲ.

ಕಾರು ಬೇಕಾಗಲಿಲ್ಲ. ರಂಗಯ್ಯ ಕೊಬ್ಬರಿ ತಂದಿದ್ದ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಅಜ್ಜಂಪುರದ ಸ್ಟೇಷನ್ನಿಗೆ ಎತ್ತುಗಳನ್ನು ಓಡಿಸಿದ. ಬೆಂಗಳೂರಿನ ಕಡೆಯ ರೈಲು ಬರುವ ಹೊತ್ತಾಗಿತ್ತು. ಜನರಲ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಲ್ಲಿ ಮಗುವನ್ನು ಎದೆಗೆ ಒರಗಿಸಿಕೊಂಡು ನೇರವಾಗಿ ಕೂತಳು. ಬೀರೂರಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಇಂಜಿನ್ನಿಗೆ ನೀರು ಹಿಡಿಯುತ್ತಿದ್ದರು. ನಾನು ಕೂತಲ್ಲೇ ಇಂಜಿನ್ನನ್ನೂ ಬೈದೆ.

ಆ ಹೊತ್ತಿನಲ್ಲಿ ಕಾರು ನಮಗಿಂತ ಮುಂದೆ ಹೋಗಿತ್ತು. ಕಡೂರಿನ ಪ್ಲಾಟ್‌ಫಾರಂನಲ್ಲಿ ತೀರ್ಥಪ್ಪನವರು, ಸಾವಿತ್ರಮ್ಮ, ಓಂಕಾರಮೂರ್ತಿ ಮೂವರೂ ನಿಂತಿದ್ದರು. ಅಲುಗಬಾರದೆಂದ ಗಾಡಿ ಸೊಸೆಯನ್ನು ತಡೆಯುವುದಕ್ಕಾದರೆ ಅಲುಗುತ್ತದೆ.

"ಇಳಿಯಮ್ಮ," ಎಂದರು ತೀರ್ಥಪ್ಪನವರು, ಸುತ್ತ ಜನ ಇದ್ದಾರೆಂದು ದನಿ ತಗ್ಗಿಸಿ. "ನಾಳೆ ಕಾರಲ್ಲಿ ಹೋಗಾಣ."

ಮಲ್ಲಿ ಅವರ ಕಡೆ ತಿರುಗಲಿಲ್ಲ. ಅವರು ಮಗನಿಗೆ ಹೇಳಿದರು. "ಹೋಗೋರ್ನ ಯಾರು ಹಿಡ್ಕಳಕ್ಕಾಗ್ತದೆ? ಮಗೀನ ಮೈಮ್ಯಾಲಿನ ಬಂಗಾರ ಬಿಚ್ಚಿಸ್ಕಳೋ. ಆಸ್ಪತ್ರೆ ತುಂಬ ಕಳ್ರು."

ತುಲಾಭಾರಕ್ಕೆಂದು ಬೆಳಿಗ್ಗೆ ಮಗುವಿಗೆ ಸರವನ್ನೂ ಕಡಗವನ್ನೂ ಹಾಕಿದ್ದರು. ಓಂಕಾರಮೂರ್ತಿ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿದ. ಹೌದು, ತೂರಿಸಿದ. ಮಗ ಉಸಿರಿಗೆ ಒದ್ದಾಡುತ್ತಿರುವಾಗ ಅಪ್ಪ ಅವನ ಕೊರಳಿನ ಸರದ ಕೊಂಡಿ ಹುಡುಕಿದ. ಸರ ಬಂತು. ಕಡಗ ಬರಲಿಲ್ಲ. ಎಳೆದ, ತಿರುಗಿಸಿದ, ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಎಳೆದ. ಪಾಲಾಕ್ಷ ಅಳಲಿಲ್ಲ, ಅಳುವುದಕ್ಕೆ ಅವನಿಗೆ ಉಸಿರೆಲ್ಲಿತ್ತು? ಓಂಕಾರಮೂರ್ತಿ ಹೆಬ್ಬೆರಳು ತೆಗೆದ. ಒತ್ತಿದ ಜಾಗದಲ್ಲಿ ಗುಳಿ ಬಿದ್ದಿತ್ತು. ಅವನು ನೋಡುತ್ತಲೇ ಇದ್ದ. ಗುಳಿ ತುಂಬಲಿಲ್ಲ. ನಾದಿದ ಹಿಟ್ಟಿನ ಮೇಲೆ ಬೆರಳೂರಿದ ಹಾಗೆ ಉಳಿದುಬಿಟ್ಟಿತು.

"ಅಪ್ಪಾಜಿ," ಎಂದ. ರೈಲು ಕೂಗಿತು. ಅವನು ಓಡಿ ಬಂದು ಹತ್ತಿಕೊಂಡ. ಸರ ಅವನ ಮುಷ್ಟಿಯಲ್ಲೇ ಇತ್ತು.

ಅವನು ಹತ್ತಿದ್ದನ್ನು ದೊಡ್ಡದು ಮಾಡಿ ಹೇಳುವವರು ನಮ್ಮಲ್ಲಿ ಇದ್ದಾರೆ. ನಾನು ಹೇಳುವುದಿಲ್ಲ. ಮಗ ದಿನವೂ ಕಣ್ಣೆದುರಿಗೇ ಊದಿಕೊಂಡ. ಅದು ಅವನಿಗೆ ಕಾಣಬೇಕಾದರೆ ಚಿನ್ನ ಸಿಕ್ಕಿಹಾಕಿಕೊಳ್ಳಬೇಕಾಯಿತು.

ಬೆಂಗಳೂರು ಮುಟ್ಟಿದ ಕೂಡಲೇ ಆಸ್ಪತ್ರೆಗೆ ಓಡಿದೆವು. ನಮಗೆ ಪಾಠ ಹೇಳಿದ ಡಾಕ್ಟರೇ ಇದ್ದರು. ಮಗುವಿನ ಕತ್ತಿನ ನರ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಹಾಗೆಯೇ ಒಳಗೆ ಎತ್ತಿಕೊಂಡು ಹೋದರು. ಎದೆಮೂಳೆಯ ಕೆಳಗೆ ಸೂಜಿ ಹಾಕಿ ಹೃದಯದ ಸುತ್ತ ನಿಂತಿದ್ದ ನೀರು ತೆಗೆದರಂತೆ. ಹೊರಗೆ ಬೆಂಚಿನ ಮೇಲೆ ನಾವು ಮೂವರೂ ಕೂತಿದ್ದೆವು. ಮಲ್ಲಿ ಕತ್ತಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಯಾರನ್ನೂ ಬೈಯಲಿಲ್ಲ. ನನಗೆ ಬರೀ ಹೆದರಿಕೆಯಾಗುತ್ತಿತ್ತು.

ಡಾಕ್ಟರು ಬಂದು ಹೇಳಿದರು. "ಉಳ್ಕೊಂಡ. ಆಪರೇಷನ್ ಮಾಡಿದ ಹೊಲಿಗೆ ಭದ್ರವಾಗಿದೆ. ಸುತ್ತ ತುಂಬಿದ ನೀರು ಹೃದಯಾನ ಹಿಸುಕಿ ಹಿಡಿದಿತ್ತು. ಇದು ಕೆಲವು ಮಕ್ಕಳಿಗೆ ಆಗೋದೇ, ಯಾರ ತಪ್ಪೂ ಅಲ್ಲ. ಜ್ವರ ಬಂದಾಗಲೇ ತಂದಿದ್ರೆ ಮಾತ್ರೆಯಲ್ಲೇ ಹೋಗ್ತಿತ್ತು. ಆಗ ತರದೆ ಇದ್ದದ್ದು ತಪ್ಪು. ಬಿಳಿ ಮಾತ್ರೆ ನಿಲ್ಲಿಸಿದ್ರಂತಲ್ಲ, ಯಾರು ಹೇಳಿದ್ದು?"

ಓಂಕಾರಮೂರ್ತಿ ತಲೆ ಎತ್ತಿ ಫ್ಯಾನು ನೋಡಿದ.

"ಈ ನೀರು ಇನ್ನೊಂದು ಸಲ ಬರಬಹುದು," ಎಂದರು ಡಾಕ್ಟರು. "ತಿಂಗಳುಗಟ್ಟಲೆ ಮಾತ್ರೆ ಕೊಡ್ಬೇಕು, ದಿನಾ ಕಾಲು ಒತ್ತಿ ನೋಡ್ಬೇಕು. ಮನೇಲಿ ನೋಡ್ಕೊಳ್ಳೋರು ನೆಟ್ಟಗಿದ್ರೆ ಹುಡುಗ ನೂರು ವರ್ಷ ಬಾಳ್ತಾನೆ."

ಮಾರನೇ ದಿನ ಪಾಲಾಕ್ಷ ಬೆನ್ನು ಹಾಸಿಗೆಗೆ ಕೊಟ್ಟು ಅಂಗಾತ ಮಲಗಿದ್ದ. ಬಾತು ಇಳಿಯುತ್ತಾ ಬಂದ ಹಾಗೆ ಹಳೆಯ ಕಡ್ಡಿ ಮುಖ ವಾಪಸು ಬಂತು. ಪಕ್ಕದ ಹಾಸಿಗೆಯ ಹುಡುಗ ಚೌಕಾಬಾರ ಆಡುವಾಗ ಕಾಯಿ ಕದ್ದನೆಂದು ನನ್ನ ಹತ್ತಿರ ದೂರು ಹೇಳಿದ. ಅಷ್ಟು ಸಂತೋಷದಿಂದ ನಾನು ಯಾವ ದೂರನ್ನೂ ಕೇಳಿದ್ದಿಲ್ಲ.

ಮನೆಗೆ ಹೋಗಬಹುದು ಎಂದ ದಿನ ಮಲ್ಲಿ ಗಂಡನನ್ನು ಕರೆದಳು. "ರೀ, ಮಂಡಿಗೆ ಫೋನ್ ಮಾಡಿ. ಮಾವಂಗೆ ಒಂದೇ ಮಾತು ಹೇಳಿ. ಮಗೂನ ಮಾತ್ರೆ, ಊಟದ ವಿಷಯಕ್ಕೆ ಇನ್ಮೇಲೆ ಯಾರೂ ಕೈ ಹಾಕ್ಬಾರ್ದು, ಡಾಕ್ಟ್ರು ಹೇಳ್ದಂಗೆ ನಡೀಬೇಕು ಅಂತ. ಅಷ್ಟು ಹೇಳಿ ಸಾಕು, ನಾನು ಕಡೂರಿಗೆ ಬತ್ತೀನಿ. ಆದದ್ದನ್ನ ಯಾವತ್ತೂ ಎತ್ತಲ್ಲ."

ಅವನು ಹೂಂ ಎಂದ. ಆಸ್ಪತ್ರೆಯ ಎದುರಿನ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿದ. ಮಲ್ಲಿ ಮತ್ತು ನಾನು ಬಾಗಿಲ ಬಳಿ ನಿಂತೆವು. ಕಾಲ್ ಸಿಕ್ಕಿತು. ಆ ಫೋನುಗಳಲ್ಲಿ ಕಿರುಚದಿದ್ದರೆ ಕೇಳುತ್ತಿರಲಿಲ್ಲ, ಹಾಗಾಗಿ ಅವನು ಹೇಳಿದ್ದು ಇಡೀ ಅಂಚೆ ಕಚೇರಿಗೆ ಕೇಳಿಸಿತು.

"ಹಲೋ, ಅಪ್ಪಾಜಿ! ಚೆನ್ನಾಗವ್ನೆ! ಪೂರ್ತಿ ಗುಣ ಆಯ್ತು! ಎಲ್ಲಾ ನಿಮ್ಮ ಹರಕೆ ಫಲ, ನಿಮ್ಮ ಆಶೀರ್ವಾದ! ಹೂಂ ಅಪ್ಪಾಜಿ! ಹೂಂ! ಹಂಗೇ ಆಗ್ಲಿ! ಹೂಂ!"

ಫೋನು ಇಟ್ಟು ಬಂದು, "ಅಪ್ಪಾಜಿಗೆ ಬಾಳ ಖುಷಿಯಾಯ್ತು," ಎಂದ. "ಅರ್ಧಕ್ಕೆ ನಿಂತ ತುಲಾಭಾರಾನ ಮುಂದಿನ ತಿಂಗಳು ಮುಗ್ಸಾಣ ಅಂದ್ರು. ಅಷ್ಟರಾಗೆ ಹುಡುಗ ಸ್ವಲ್ಪ ಮೈ ಹಿಡ್ಕಂತಾನೆ ಅಂದ್ರು."

ನಾನು ಬಾಯಿ ತೆರೆದೆ. ಮಲ್ಲಿ ನನ್ನ ತೋಳು ಒತ್ತಿದಳು. ಟಿಕೀಟು ತರಲು ನನ್ನನ್ನು ಕಳಿಸಿದಳು, ಎಲ್ಲಿಗೆ ಎಷ್ಟು ಎಂದು ಕಿವಿಯಲ್ಲಿ ಹೇಳಿ.

ನಾವು ಹತ್ತಿದ್ದು ಶಿವಮೊಗ್ಗದ ಗಾಡಿ. ಅದು ಕಡೂರು, ಬೀರೂರು ಮುಟ್ಟಿ ತರೀಕೆರೆಯ ಮೇಲೆ ಹೋಗುತ್ತದೆ. ದಾರಿಯುದ್ದಕ್ಕೂ ಪಾಲಾಕ್ಷ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಅಪ್ಪನಿಗೆ ತೋರಿಸುತ್ತಿದ್ದ. ಓಂಕಾರಮೂರ್ತಿ ಅವನಿಗೆ ಕಡಲೆಕಾಯಿ ಬಿಡಿಸಿ ಕೊಟ್ಟ. ಉಪ್ಪಿಲ್ಲದ್ದೇ ಕೇಳಿ ತಂದಿದ್ದ. ಕೆಟ್ಟವನಲ್ಲ ಎನ್ನುವಿರಾ? ನಾನೂ ಕೆಟ್ಟವನು ಎನ್ನುವುದಿಲ್ಲ. ಕೆಟ್ಟವರ ಕೈಯಿಂದ ಮಗುವನ್ನು ಕಾಯುವುದು ಎಷ್ಟೋ ಸುಲಭ.

ಕಡೂರು ಬಂತು. ಮಲ್ಲಿ ಮೇಲಿಂದ ಗಂಡನ ಚೀಲ ತೆಗೆದು ಅವನ ಕೈಗೆ ಕೊಟ್ಟಳು.

"ನಿಮ್ಮೂರು ಬಂತು. ಇಳ್ಕಳಿ."

"ನೀನು?"

"ಪಾಲಾಕ್ಷನ ಮಾತ್ರೆ ಮುಗಿಯೋಗಂಟ ನಾನು ಅಕ್ಕನ ಮನೇಲಿರ್ತೀನಿ. ನಿಮ್ಗೂ ಟಿಕೀಟು ತರೀಕೆರೆವರೆಗೂ ಐತೆ. ಬರಾದಾದ್ರೆ ಕೂತ್ಕಳಿ."

ಅವನು ಕೂರಲಿಲ್ಲ. ಚೀಲ ಹಿಡಿದುಕೊಂಡು ನಿಂತ. "ಅಪ್ಪಾಜಿ ಏನಂತಾರೆ?" ಎಂದ.

"ಅದನ್ನೇ ಕೇಳ್ಕಂಡು ಬನ್ನಿ ಅಂತ ಇಳೀರಿ ಅಂದಿದ್ದು."

ಅಮ್ಮ ಹೇಳಿದ್ದನ್ನು ಪಾಲಾಕ್ಷ ನಿಜವೆಂದೇ ತಿಳಿದ. ಕಿಟಕಿಗೆ ಮುಖ ಒತ್ತಿ, "ಅಪ್ಪಾ, ಓಡ್ಹೋಗಿ ಬೇಗ ಕೇಳ್ಕಂಡು ಬಾ, ರೈಲು ಬಿಟ್ಬಿಡ್ತದೆ," ಎಂದ.

ಓಂಕಾರಮೂರ್ತಿ ಇಳಿದ. ಇಳಿದವನು ಮಗನಿದ್ದ ಕಿಟಕಿಯ ಕಡೆ ತಿರುಗಲಿಲ್ಲ. ಮೊದಲು ಗೇಟಿನ ಕಡೆ ನೋಡಿದ, ಅಪ್ಪ ಬಂದಿದ್ದಾರೋ ಎಂದು.